ಒಂಬತ್ತು ಎಲೆ

ನಮ್ಮೂರಿನಲ್ಲಿ ಶಾಲೆಯ ಊಟದ ಗಂಟೆ ಹೊಡೆದು ಅರ್ಧ ತಾಸಾದ ಮೇಲೆಯೇ ದೊಡ್ಡವರು ತಟ್ಟೆಯ ಮುಂದೆ ಕೂರುತ್ತಿದ್ದರು. ಅದಕ್ಕೆ ಮೊದಲು ಕೂತು ಪ್ರಯೋಜನವಿರಲಿಲ್ಲ. ಮಗು ಹಸಿದಿರುವಾಗ ಹೆತ್ತವರ ನಾಲಿಗೆಗೆ ಉಪ್ಪು ತಾಗುತ್ತಿರಲಿಲ್ಲ. ಎಷ್ಟು ಹಾಕಿಕೊಂಡರೂ ಅಷ್ಟೆ, ಸಾರು ಬರೀ ಬಿಸಿನೀರಾಗಿ ಗಂಟಲಿಗಿಳಿಯುತ್ತಿತ್ತು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಯಾರಾದರೂ “ಉಪ್ಪೇ ಇಲ್ಲವಲ್ರೀ” ಅಂದರೆ ಮಾಣಿ ಉಪ್ಪಿನ ಡಬ್ಬಿ ತರುತ್ತಿರಲಿಲ್ಲ. “ಮನೆಗೆ ಹೋಗಿ ಬನ್ನಿ ಸಾರ್, ಮುಚ್ಚಿಟ್ಟಿರ್ತೀನಿ” ಅಂತ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚುತ್ತಿದ್ದ. ಗೋಲಿ ಆಟದಲ್ಲಿ ಊಟ ಮರೆತ ಹುಡುಗರನ್ನು ಹುಡುಕಿಕೊಂಡು ಅಪ್ಪಂದಿರು ಎಂಜಲು ಕೈಯಲ್ಲೇ ಬೀದಿಗೆ ಬರುವುದು ನಮಗೆ ದಿನನಿತ್ಯದ ನೋಟವಾಗಿತ್ತು.

ನಮ್ಮಪ್ಪ ಗುರುಪಾದಪ್ಪ ಮದುವೆ ಅಡುಗೆಗೆ ಹೆಸರಾದವನು. ಐನೂರು ಜನರ ಊಟವಾದರೂ ಅಳತೆಯ ಪಾತ್ರೆ ಮುಟ್ಟುತ್ತಿರಲಿಲ್ಲ. ಬೊಗಸೆಯಲ್ಲಿ ಉಪ್ಪು ಎತ್ತಿ ಕೊಪ್ಪರಿಗೆಗೆ ಎರಚಿ, ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, “ಆಯ್ತು, ಇಳಿಸ್ರಪ್ಪ” ಅನ್ನುತ್ತಿದ್ದ. ನೋಡಲು ಲಕ್ಷಣವಾಗಿದ್ದ, ಎಲ್ಲರನ್ನೂ ನಗಿಸುತ್ತಿದ್ದ, ಯಾರ ಜೊತೆಯೂ ಜಗಳ ಕಾಯುತ್ತಿರಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೇ ಕಷ್ಟ. ಅವನಿಗೆ ಮೂರು ಮನೆ, ಒಂಬತ್ತು ಮಕ್ಕಳು. ಮೊದಲನೆಯದು ನಮ್ಮಮ್ಮ ಹೊನ್ನಮ್ಮನ ಮನೆ. ಅಲ್ಲಿ ನಾವು ನಾಲ್ವರು, ನಾನು ಸಾವಂತ್ರಿ ಎಲ್ಲರಿಗಿಂತ ದೊಡ್ಡವಳು. ಎರಡನೆಯದು ಕೆರೆಯಾಚೆ ದೇವೀರಮ್ಮನ ಮನೆ. ಅಲ್ಲಿ ಮೂವರು. ನನಗೆ ಎಂಟು ವರ್ಷವಾಗುವ ತನಕ ಅಪ್ಪ ಈ ಎರಡು ಮನೆಗಳ ನಡುವೆ ಓಡಾಡಿಕೊಂಡಿದ್ದ. ಆಮೇಲೆ ಛತ್ರದ ಹಿಂದಿನ ಬೀದಿಯಲ್ಲಿ ಸುಗುಣಾ ಎಂಬಾಕೆಯ ಜೊತೆ ಸಂಸಾರ ಹೂಡಿದ. ಅಲ್ಲಿ ಇನ್ನಿಬ್ಬರು ಹುಟ್ಟಿದರು. ಹಳೆಯ ಎರಡು ಮನೆಗಳ ಕಡೆ ಅವನು ತಿರುಗಿ ನೋಡಲಿಲ್ಲ. ಒಂದು ಸೇರು ಅಕ್ಕಿ ಕಳಿಸಲಿಲ್ಲ, ಒಂದು ಲಂಗದ ಬಟ್ಟೆ ಕೊಡಿಸಲಿಲ್ಲ.

ಆದರೂ ಅವನ ನಾಲಿಗೆಗೆ ಉಪ್ಪು ಚೆನ್ನಾಗಿಯೇ ಹತ್ತುತ್ತಿತ್ತು, ಏಕೆಂದರೆ ನಾವು ಹಸಿದಿರಲಿಲ್ಲ. ಅಮ್ಮ ಹಗಲು ಅವಲಕ್ಕಿ ಗಿರಣಿಯಲ್ಲಿ ದುಡಿದು, ಸಂಜೆ ಬಂದು ಅಂಗಡಿಯವರಿಗೆ ಹಪ್ಪಳ ಲಟ್ಟಿಸಿ, ನಾಲ್ಕು ತಟ್ಟೆಗೆ ಮುದ್ದೆ ಇಳಿಸಿದ ಮೇಲೆ ಉಳಿದದ್ದನ್ನು ತಾನು ತಿನ್ನುತ್ತಿದ್ದಳು. ಉಳಿಯದ ದಿನ ನೀರು ಕುಡಿದು ಮಲಗುತ್ತಿದ್ದಳು. ದೇವೀರಮ್ಮ ಇಟ್ಟಿಗೆ ಗೂಡಿನಲ್ಲಿ ತಲೆಯ ಮೇಲೆ ಹನ್ನೆರಡು ಹನ್ನೆರಡು ಇಟ್ಟಿಗೆ ಹೊರುತ್ತಿದ್ದಳು. ಹೀಗೆ ಇಬ್ಬರು ಹೆಂಗಸರ ಬೆನ್ನು ಬಾಗುತ್ತಾ ಹೋದಷ್ಟೂ ಅಪ್ಪನ ಊಟ ರುಚಿಯಾಗಿ ನಡೆಯುತ್ತಿತ್ತು.

ನನಗೆ ಹದಿನಾಲ್ಕು ವರ್ಷವಾದಾಗ ಅಮ್ಮ ಚಾವಡಿಗೆ ದೂರು ಕೊಟ್ಟಳು. ನಾನೂ ಜೊತೆಗೆ ಹೋಗಿದ್ದೆ. ಚಾವಡಿಯ ಯಜಮಾನರು ಮರಿದೇವಪ್ಪನವರು. ಒಳ್ಳೆಯವರೇ, ಆದರೆ ತಮ್ಮ ತಾತನ ಕಾಲದಲ್ಲಿ ಹೇಗೆ ನಡೆದಿತ್ತೋ ಅದರಿಂದ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಎರಡು ಲೋಟ ಗಂಜಿ ತರಿಸಿದರು. ಒಂದಕ್ಕೆ ಉಪ್ಪು ಹಾಕಿತ್ತು, ಇನ್ನೊಂದಕ್ಕೆ ಇಲ್ಲ. ಅಪ್ಪ ಎರಡನ್ನೂ ಒಂದೊಂದು ಗುಟುಕು ಕುಡಿದು, “ಬಲಗಡೇದು ಉಪ್ಪು ಗಂಜಿ, ಎಡಗಡೇದು ಸಪ್ಪೆ. ಬಲಗಡೇದಕ್ಕೂ ಇನ್ನೊಂದು ಚಿಟಿಕೆ ಬೇಕಾಗಿತ್ತು” ಅಂದ. ಎಲ್ಲರೂ ನಕ್ಕರು.

“ಮುಗೀತಲ್ಲಮ್ಮ” ಅಂದರು ಯಜಮಾನರು. “ಇವನ ಮಕ್ಕಳ ಹೊಟ್ಟೆ ತುಂಬಿದೆ.”

“ತುಂಬಿಸ್ತಾ ಇರೋಳು ನಾನು ಸ್ವಾಮಿ.”

“ಯಾರಾದರೇನು? ತುಂಬಿದೆ ತಾನೆ? ಚಾವಡಿಗೆ ಬೇಕಾದ್ದು ಅಷ್ಟೆ.”

ಹೊರಗೆ ಬರುವಾಗ ಒಬ್ಬ ಹೆಂಗಸು ಅಮ್ಮನ ಕಿವಿಯಲ್ಲಿ, “ಒಂದಿನ ಮಕ್ಕಳಿಗೆ ಹಾಕದೆ ಕರ್ಕೊಂಡ್ ಬಾರೇ, ಆಗ ನೋಡು” ಅಂದಳು. ಅಮ್ಮ ತಲೆಯಾಡಿಸಿದಳು. “ಅದು ನನ್ನ ಕೈಲಾಗಲ್ಲ ಕಣಕ್ಕ.” ಆ ಹೆಂಗಸು ನಿಟ್ಟುಸಿರು ಬಿಟ್ಟು, “ಯಾರ ಕೈಲಾಗುತ್ತೆ ಹೇಳು” ಅಂದಳು. ಹಿಂದಿನ ವರ್ಷ ದೇವೀರಮ್ಮನೂ ಇದೇ ಮೆಟ್ಟಿಲು ಹತ್ತಿ ಇಳಿದಿದ್ದಳು. ಅವಳ ಕೈಲೂ ಆಗಿರಲಿಲ್ಲ.

ಅಮ್ಮನ ಕೈಲಾಗದ್ದು ನನ್ನ ಕೈಲಾಗುತ್ತದೆ ಅಂತ ನನಗೆ ಹೊಳೆದದ್ದು ಶಾಲೆಯ ನಲ್ಲಿಯ ಹತ್ತಿರ. ಅಲ್ಲಿ ಬುತ್ತಿ ಡಬ್ಬಿ ತೊಳೆಯುತ್ತಿದ್ದ ಹುಡುಗಿ ಚಂದ್ರಕಲಾ. ದೇವೀರಮ್ಮನ ದೊಡ್ಡ ಮಗಳು, ನನಗಿಂತ ಎರಡು ವರ್ಷ ಚಿಕ್ಕವಳು. ಅಪ್ಪನ ದಪ್ಪ ಹುಬ್ಬು ಅವಳಿಗೂ ಬಂದಿತ್ತು, ನನಗೂ ಬಂದಿತ್ತು. ಮಾತಾಡಬಾರದು ಅಂತ ಎರಡೂ ಮನೆಗಳಲ್ಲಿ ಕಟ್ಟಪ್ಪಣೆಯಿದ್ದದ್ದರಿಂದ ಆರು ವರ್ಷ ನಾವು ಒಬ್ಬರನ್ನೊಬ್ಬರು ಗೋಡೆಯ ಹಾಗೆ ನೋಡಿಕೊಂಡು ದಾಟಿ ಹೋಗಿದ್ದೆವು. ಅವತ್ತು ಅವಳೇ ಬಾಯಿಬಿಟ್ಟಳು.

“ನಿಮ್ಮಪ್ಪ ಗೆದ್ದರಂತೆ.”

“ನಿಮ್ಮಪ್ಪಾನೂ ಅವರೇ ಅಲ್ವಾ?”

ಅವಳಿಗೆ ನಗು ಬಂತು. ನನಗೂ ಬಂತು. ನಕ್ಕು ಮುಗಿಸಿದ ಮೇಲೆ ನಾವು ನಲ್ಲಿಯ ಕಟ್ಟೆಯ ಮೇಲೆ ಕೂತೆವು. ಅಲ್ಲಿಂದ ಮೂರು ವಾರಕ್ಕೆ ಯಜಮಾನರ ಮೊಮ್ಮಗಳ ಮದುವೆಯಿತ್ತು. ಊರಿಗೆ ಊರನ್ನೇ ಕರೆದಿದ್ದರು. ಎಂಟು ನೂರು ಎಲೆಯ ಊಟ, ಅಡುಗೆ ಅಪ್ಪನದು. ಮಕ್ಕಳು ಹಸಿದಿರುವವನ ಕೈ ಅಡುಗೆಯನ್ನು ನಮ್ಮೂರಿನಲ್ಲಿ ಯಾರೂ ಉಣ್ಣುವುದಿಲ್ಲ. ಹಾಗಾಗಿ ಪಂಕ್ತಿ ಕೂತ ಮೇಲೆ, ಬಡಿಸುವ ಮೊದಲು, ಮದುವೆ ಮನೆಯ ಯಜಮಾನ ಎಲ್ಲರ ಎದುರಿಗೆ ಅಡುಗೆಯವನಿಗೆ ಎರಡು ಬಟ್ಟಲು ಕೊಟ್ಟು ರುಚಿ ಹೇಳಿಸುವುದು ಪದ್ಧತಿ. ಅಪ್ಪ ಅದನ್ನು ನೂರಾರು ಸಲ ಹೇಳಿದ್ದ, ಒಂದು ಸಲವೂ ತಪ್ಪಿರಲಿಲ್ಲ.

“ನಾವು ಉಣ್ಣದೇ ಇದ್ದರೆ?” ಅಂದೆ.

ಚಂದ್ರಕಲಾ ಡಬ್ಬಿಯ ಮುಚ್ಚಳ ಬಿಗಿದಳು. “ಚಿಕ್ಕವರು ಬೇಡ” ಅಂದಳು. “ದೊಡ್ಡವರಷ್ಟೇ.” ಹತ್ತು ತುಂಬಿದವರು ಮಾತ್ರ ಅಂತ ತೀರ್ಮಾನವಾಯಿತು. ನಾನು, ನನ್ನ ತಮ್ಮ ಕೆಂಪರಾಜ, ಚಂದ್ರಕಲಾ, ಅವಳ ತಮ್ಮ. ನಾಲ್ಕೇ ಜನ. ಚಿಕ್ಕವರು ಉಂಡೇ ಬರಬೇಕು, ಸುಮ್ಮನೆ ನಮ್ಮ ಜೊತೆ ಕೂರಬೇಕು.

ಮದುವೆಯ ದಿನ ಬೆಳಿಗ್ಗೆ ಅಮ್ಮ ಎಲ್ಲರಿಗೂ ಗಂಜಿ ಬಗ್ಗಿಸಿದಳು. ನಾನೂ ಕೆಂಪರಾಜನೂ ಹಿತ್ತಲಿಗೆ ಹೋಗಿ ನಮ್ಮ ಪಾಲನ್ನು ಪಕ್ಕದ ಮನೆಯ ಹಸುವಿನ ಬಾನಿಗೆ ಸುರಿದು ಬಂದೆವು. ಬರುವಷ್ಟರಲ್ಲಿ ಅಮ್ಮ ಒಂದು ಗುಟುಕು ಬಾಯಿಗಿಟ್ಟು ಹಾಗೇ ಕೂತಿದ್ದಳು. ಲೋಟ ಕೆಳಗಿಟ್ಟಳು.

“ಯಾರು?” ಅಂದಳು.

ನಾವಿಬ್ಬರೂ ನೆಲ ನೋಡಿದೆವು. ಅವಳು ಎದ್ದು ಬಂದು ನನ್ನ ಗಲ್ಲ ಹಿಡಿದೆತ್ತಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಅವಳು ನನ್ನ ಕಣ್ಣುಗಳನ್ನೇ ನೋಡಿದಳು. ಛತ್ರದ ಕಡೆಯಿಂದ ಓಲಗದ ಸದ್ದು ಬರುತ್ತಿತ್ತು. ಅವಳಿಗೆ ಎಲ್ಲ ಅರ್ಥವಾಯಿತು.

“ಒಂದು ಹೊತ್ತು ಅಷ್ಟೆ ಅಮ್ಮ” ಅಂದೆ. “ದಮ್ಮಯ್ಯ ಅಂತೀನಿ, ಬೇಡ ಅನ್ನಬೇಡ.”

“ನೀವು ಹಸ್ಕೊಂಡಿದ್ದರೆ ನಾನು ಹೇಗೆ ಉಣ್ಲೇ?” ಅಂದಳು. ತನ್ನ ಲೋಟದ ಗಂಜಿಯನ್ನು ಚಿಕ್ಕವರಿಬ್ಬರಿಗೆ ಹಂಚಿ ಕುಡಿಸಿದಳು. ಆಮೇಲೆ ಬಾಚಣಿಗೆ ತಂದು ನನ್ನ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದಳು. “ಅಷ್ಟು ಜನರೆದುರು ಮಾತಾಡೋಳು ಕೆದರಿಕೊಂಡು ಹೋಗಬಾರದು” ಅಂದಳು.

ಛತ್ರದ ಅಂಗಳದಲ್ಲಿ ಚಪ್ಪರದಡಿ ಸಾಲು ಸಾಲಾಗಿ ಬಾಳೆಯೆಲೆ ಹಾಕಿದ್ದರು. ಅಡುಗೆಮನೆಯ ಬಾಗಿಲಿಗೆ ನೇರ ಎದುರಿನ ಸಾಲಿನಲ್ಲಿ ನಾವು ಏಳು ಜನ ಕೂತೆವು. ನಮ್ಮ ಎಲೆ ನಾಲ್ಕು, ಚಂದ್ರಕಲಾಳ ಕಡೆಯದು ಮೂರು. ಎರಡು ಮನೆಯ ಮಕ್ಕಳು ಒಟ್ಟಿಗೆ ಕೂತದ್ದನ್ನು ನೋಡಿ ಜನ ಒಬ್ಬರನ್ನೊಬ್ಬರು ತಿವಿದುಕೊಂಡರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಒಳಗಿನಿಂದ ಬರುತ್ತಿದ್ದ ಒಗ್ಗರಣೆಯ ವಾಸನೆಗೆ ಬಾಯಲ್ಲಿ ನೀರೂರಿ ಊರಿ ನುಂಗಿ ಸಾಕಾಗಿತ್ತು.

ಒಳಗೆ ಆಗ ನಡೆದದ್ದನ್ನು ರುಬ್ಬುವ ಕಾಳಮ್ಮ ಆಮೇಲೆ ಹೇಳಿದಳು. ಅಪ್ಪ ಎಂದಿನಂತೆ ಸಾರಿಗೆ ಉಪ್ಪು ಎರಚಿ ಅಂಗೈ ನೆಕ್ಕಿದನಂತೆ. ಹುಬ್ಬು ಗಂಟಿಕ್ಕಿ ಇನ್ನೊಂದು ಬೊಗಸೆ ಹಾಕಿದನಂತೆ. ಮತ್ತೆ ನೆಕ್ಕಿ ಮೂರನೆಯ ಬೊಗಸೆಗೆ ಕೈಹಾಕುವಾಗ ಕಾಳಮ್ಮ ಓಡಿಹೋಗಿ ಸೌಟಿನಿಂದ ತಾನು ರುಚಿ ನೋಡಿ, “ಅಯ್ಯೋ, ಬಾಯಿಗಿಡಂಗಿಲ್ವಲ್ಲೋ ಮಾರಾಯ! ಏನಾಯ್ತು ನಿಂಗೆ?” ಅಂದಳಂತೆ. ಅಪ್ಪನ ಮುಖ ಬೂದಿಯಾಯಿತಂತೆ. ಅವನಿಗೆ ಇದು ಜೀವಮಾನದಲ್ಲೇ ಮೊದಲ ಸಲ. ಮೂರೂ ಮನೆಗೆ ಆಳು ಓಡಿಸಿದನಂತೆ. ಎರಡು ಮನೆಗೆ ಬೀಗ ಬಿದ್ದಿತ್ತು. ಸುಗುಣಾಳ ಮಕ್ಕಳು ಉಂಡಾಗಿತ್ತು. ಸಾರಿಗೆ ಬೇಳೆ ನೀರು ಬೆರೆಸಿ ಕಾಳಮ್ಮನೇ ಹದಕ್ಕೆ ತಂದಳು. ಆದರೆ ಅಪ್ಪನ ನಾಲಿಗೆಯನ್ನು ಹದಕ್ಕೆ ತರುವುದು ಅವಳಿಂದಾಗಲಿಲ್ಲ.

ಮರಿದೇವಪ್ಪನವರು ಜರಿ ಪೇಟ ಸುತ್ತಿಕೊಂಡು ಎರಡು ಬೆಳ್ಳಿ ಬಟ್ಟಲು ಹಿಡಿದು ಅಂಗಳಕ್ಕೆ ಬಂದರು. ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಕಣ್ಣೆತ್ತಿದ್ದೇ ನಮ್ಮನ್ನು ಕಂಡ. ಬಟ್ಟಲುಗಳ ಕಡೆ ಹೋಗದೆ ನೇರ ನಮ್ಮ ಕಡೆ ಬಂದ.

“ಯಾರು ಉಂಡಿಲ್ಲ?” ಅಂದ ಮೆಲ್ಲಗೆ.

“ಸಾವಂತ್ರಿ, ನೀನಾ ಮಗಳೇ? ಕೆಂಪು, ನೀನೇನೋ? ಹೇಳ್ರಪ್ಪ, ಮಾನ ಹೋಗುತ್ತೆ ನಂದು.” ಒಬ್ಬೊಬ್ಬರ ಮುಂದೆಯೂ ಬಗ್ಗಿ ಮುಖ ನೋಡುತ್ತಾ ಬಂದ. ಎಂಟು ನೂರು ಜನ ನೋಡುತ್ತಿದ್ದರು. ಚಂದ್ರಕಲಾಳ ಚಿಕ್ಕ ತಮ್ಮನ ಮುಂದೆ ಬಂದು ನಿಂತ. ಆ ಹುಡುಗನಿಗೆ ಇನ್ನೂ ಆರು ತುಂಬಿರಲಿಲ್ಲ. ಅವನು ಹುಟ್ಟುವ ಮೊದಲೇ ಅಪ್ಪ ಆ ಮನೆ ಬಿಟ್ಟಿದ್ದ.

“ನಿನ್ನ ಹೆಸರೇನು ಮಗಾ?” ಅಂದ.

ಹುಡುಗ ಅವನನ್ನು ಮೇಲಿಂದ ಕೆಳಗೆ ನೋಡಿ, “ನಮ್ಮಮ್ಮನ್ನ ಕೇಳು” ಅಂದ.

ಆ ಮಾತು ಚಪ್ಪರದ ಕೊನೆಯವರೆಗೂ ಕೇಳಿಸಿತು. ಯಾರೂ ನಗಲಿಲ್ಲ. ಆಗ ಹೆಂಗಸರ ಗುಂಪಿನಿಂದ ಸುಗುಣಾ ಎದ್ದು ಬಂದಳು. ಎರಡು ವರ್ಷದ ಮಗಳು ಸೊಂಟದ ಮೇಲೆ, ನಾಲ್ಕು ವರ್ಷದ ಮಗ ಕೈಯಲ್ಲಿ. ಅವಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ನಮ್ಮಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು, ಹೆದರಿದ್ದಳು. ಮಕ್ಕಳಿಬ್ಬರನ್ನೂ ನಮ್ಮ ಸಾಲಿನ ತುದಿಯಲ್ಲಿ ಕೂರಿಸಿ, “ಇವೂ ಇದೇ ಸಾಲಿನವು” ಅಂದಳು. ಯಾರೋ ಓಡಿಬಂದು ಇನ್ನೆರಡು ಎಲೆ ಹಾಕಿದರು.

ಯಜಮಾನರಿಗೆ ಸಿಟ್ಟು ಬಂದಿತ್ತು. “ಏನಿದು ರಂಪ? ಮೊದಲು ಈ ಮಕ್ಕಳಿಗೆ ಬಡಿಸ್ರೋ!” ಬಡಿಸುವವರು ಅನ್ನದ ಬುಟ್ಟಿ ತಂದರು. ನಾನು ಎದ್ದು ನಿಂತೆ.

“ಬೇಡ ಯಜಮಾನರೇ. ಇದು ನಿಮ್ಮ ಮನೆ ಅನ್ನ. ನಮಗೆ ನಮ್ಮಪ್ಪನ ಅನ್ನ ಬೇಕು. ಹೋದ ತಿಂಗಳು ಚಾವಡೀಲಿ ಇವರು ಗಂಜಿ ಕುಡಿದು ಉಪ್ಪಾಗಿದೆ ಅಂದರು. ನೀವು ನಮ್ಮಮ್ಮನ್ನ ವಾಪಸ್ ಕಳಿಸಿದಿರಿ. ಆ ಉಪ್ಪು ಇವರ ಬಾಯಿಗೆ ಎಲ್ಲಿಂದ ಬಂತು? ನಮ್ಮಮ್ಮ ಉಪವಾಸ ಮಲಗಿದ್ದರಿಂದ ಬಂತು. ದೇವೀರಮ್ಮನವರು ಇಟ್ಟಿಗೆ ಹೊತ್ತಿದ್ದರಿಂದ ಬಂತು. ಹೊಟ್ಟೆ ತುಂಬಿದೆಯಾ ಅಂತ ಕೇಳಿದಿರಲ್ಲ, ಯಾರು ತುಂಬಿಸಿದರು ಅಂತ ಯಾಕೆ ಕೇಳಲಿಲ್ಲ?”

ಚಾವಡಿಯಲ್ಲಿ ಮೂವತ್ತು ವರ್ಷ ಕೂತವರು ಯಜಮಾನರು. ಕಣ್ಣಿನಲ್ಲೇ ಬಡಿಸುವವರಿಗೆ ಮತ್ತೆ ಸನ್ನೆ ಮಾಡಿದರು. ಅವರ ಹೆಂಡತಿ ನಿಂಗಾಜಮ್ಮ ಮದುಮಗಳ ಪಕ್ಕದಿಂದಲೇ ಗಟ್ಟಿಯಾಗಿ ಹೇಳಿದರು, “ಹೆಣ್ಣು ಮಗು ಕೇಳ್ತಾ ಅವಳೆ, ಉತ್ತರ ಹೇಳಿ. ಅನ್ನ ಆರ್ತಾ ಇದೆ.”

ಯಜಮಾನರು ಬಟ್ಟಲುಗಳನ್ನು ಕೆಳಗಿಟ್ಟರು. “ತಪ್ಪಾಯ್ತು” ಅಂದರು. ನನಗೆ ಹೇಳಿದರೋ ಅಮ್ಮನಿಗೆ ಹೇಳಿದರೋ ತಿಳಿಯಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, “ಹೇಳಪ್ಪ ಗುರುಪಾದ, ಏನು ಮಾಡ್ತೀಯ?” ಅಂದರು.

ಅಪ್ಪ ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಂಡ. “ನನ್ನ ದುಡಿಮೇನ ಮೂರು ಮನೆಗೂ ಸಮ ಮೂರು ಪಾಲು ಮಾಡ್ತೀನಿ ಸ್ವಾಮಿ.” ಜನ ಪರವಾಗಿಲ್ಲ ಅನ್ನುವಂತೆ ತಲೆಯಾಡಿಸಿದರು. ಪಾಪ, ಒಳ್ಳೆಯ ಮಾತೇ ಅಂದ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಚಂದ್ರಕಲಾ ನನ್ನ ಪಕ್ಕದಲ್ಲಿ ತಟ್ಟನೆ ಎದ್ದಳು.

“ಮನೆ ಉಣ್ಣಲ್ಲ, ಮಕ್ಕಳು ಉಣ್ತಾರೆ” ಅಂದಳು. “ಅವರ ಮನೇಲಿ ನಾಲ್ಕು ಜನ, ನಮ್ಮ ಮನೇಲಿ ಮೂರು, ಅಲ್ಲಿ ಇಬ್ಬರು. ಮೂರು ಪಾಲು ಮಾಡಿದರೆ ಹೆಂಗೆ ಸಮ ಆಗುತ್ತೆ? ಹತ್ತು ಪಾಲು ಮಾಡಿ. ಒಂಬತ್ತು ನಮಗೆ, ಒಂದು ನಿಮಗೆ.”

“ಹತ್ತರಲ್ಲಿ ಒಂದಾ ನನಗೆ?” ಅಪ್ಪ ಕಂಗಾಲಾಗಿ ಸುತ್ತ ನೋಡಿದ.

ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ ಕಾಳಮ್ಮ, “ನಿಂಗೆ ಇರೋದೂ ಒಂದೇ ಹೊಟ್ಟೆ ಅಲ್ವೇನೋ?” ಅಂದಳು.

ಮೊದಲು ನಕ್ಕವರು ನಿಂಗಾಜಮ್ಮ. ಆಮೇಲೆ ಚಪ್ಪರವೇ ನಕ್ಕಿತು. ಕೊನೆಗೆ ಅಪ್ಪನೂ ನಕ್ಕುಬಿಟ್ಟ. ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು. ಎರಡೂ ಕೈ ಮುಗಿದು, “ಆಗಲಿ ತಾಯಿ, ಹತ್ತು ಪಾಲು” ಅಂದ. ತಿಂಗಳು ತಿಂಗಳೂ ಪಾಲನ್ನು ಅವನೇ ಹೊತ್ತು ಮೂರು ಮನೆಗೂ ಮುಟ್ಟಿಸಬೇಕು, ಆಳಿನ ಕೈಲಿ ಕಳಿಸುವಂತಿಲ್ಲ ಅಂತ ಯಜಮಾನರು ಸೇರಿಸಿದರು. ಒಂಬತ್ತು ಮಕ್ಕಳ ಹೆಸರನ್ನೂ ಬಾಯಿಪಾಠ ಮಾಡಿಕೊಂಡು ಚಾವಡಿಗೆ ಬಂದು ಒಪ್ಪಿಸಬೇಕು ಅಂತಲೂ ಹೇಳಿದರು.

ಆಮೇಲೆ ನಡೆದದ್ದನ್ನು ಊರವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಆ ದಿನದ ಕೂಲಿಯೆಂದು ಅಪ್ಪನಿಗೆ ಬೆಳಿಗ್ಗೆಯೇ ಒಂದು ಚೀಲ ಅಕ್ಕಿ, ಬೇಳೆ, ಒಂದು ಗಿಂಡಿ ತುಪ್ಪ ಕೊಟ್ಟಿದ್ದರು. ಅವನು ಅದನ್ನು ಬಿಚ್ಚಿ ಬೇರೊಂದು ಒಲೆ ಹಚ್ಚಿದ. ನಮಗೋಸ್ಕರ ಅನ್ನಕ್ಕಿಟ್ಟ, ಬೇಳೆ ಬೇಯಿಸಿದ. ಎಂಟು ನೂರು ಜನ ಖಾಲಿ ಎಲೆಗಳ ಮುಂದೆ ಮುಕ್ಕಾಲು ತಾಸು ಕಾದರು. ಒಬ್ಬರೂ ಏಳಲಿಲ್ಲ. ಮದುಮಗನ ಕಡೆಯವರಲ್ಲಿ ಯಾರೋ ಗೊಣಗಿದ್ದಕ್ಕೆ ಮದುಮಗಳೇ ತಿರುಗಿ ನೋಡಿದಳಂತೆ, ಅವರು ಸುಮ್ಮನಾದರಂತೆ.

ಅಪ್ಪ ಒಂಬತ್ತು ಎಲೆಗೂ ತಾನೇ ಬಡಿಸಿದ. ಆ ಚಿಕ್ಕ ಹುಡುಗನ ಎಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅನ್ನ ಕಲಸಿಕೊಟ್ಟ. ಹುಡುಗ ತಿಂದು, “ನನ್ನ ಹೆಸರು ಲೋಕೇಶ್ವರ” ಅಂದ. ನಾನು ಮೊದಲ ತುತ್ತು ಬಾಯಿಗಿಟ್ಟೆ. ಬರೀ ಅನ್ನ, ಬೇಳೆ, ತುಪ್ಪ. ಅಪ್ಪನ ಕೈ ಅಡುಗೆಯನ್ನು ಆರು ವರ್ಷದ ಮೇಲೆ ಉಣ್ಣುತ್ತಿದ್ದೆ. ಎಷ್ಟು ರುಚಿಯಾಗಿತ್ತೆಂದರೆ, ಅಷ್ಟು ರುಚಿಯಾಗಿದೆಯಲ್ಲ ಅಂತ ನನಗೆ ಕೋಪ ಬಂತು. ಕೋಪದಲ್ಲೇ ಎರಡು ಸಲ ಹಾಕಿಸಿಕೊಂಡು ಉಂಡೆ. ಆಚೆ ಹೆಂಗಸರ ಸಾಲಿನಲ್ಲಿ ಅಮ್ಮನೂ ದೇವೀರಮ್ಮನೂ ಅಕ್ಕಪಕ್ಕ ಬಂದು ಕೂತಿದ್ದರು. ಅಮ್ಮ ತನ್ನ ಎಲೆಯನ್ನು ಸ್ವಲ್ಪ ಆಚೆ ಎಳೆದು ದೇವೀರಮ್ಮನಿಗೆ ಜಾಗ ಮಾಡಿಕೊಟ್ಟದ್ದನ್ನು ನಾನು ನೋಡಿದೆ.

ಅಪ್ಪ ಯಜಮಾನರ ಬಟ್ಟಲುಗಳನ್ನು ಕೈಗೆತ್ತಿಕೊಂಡ. ಒಂದನ್ನು ನಾಲಿಗೆಗೆ ಮುಟ್ಟಿಸಿದ, ಇನ್ನೊಂದನ್ನು ಮುಟ್ಟಿಸಿದ. “ಇದು ಉಪ್ಪು ಸ್ವಾಮಿ” ಅಂದ. ಅವತ್ತು ಅವನು ತಮಾಷೆಯ ಮಾತು ಸೇರಿಸಲಿಲ್ಲ. ಓಲಗ ಮೊಳಗಿತು, ಎಂಟು ನೂರು ಎಲೆಗೆ ಊಟ ಬಿತ್ತು.

ಮುಂದಿನ ವಾರ ಚಾವಡಿಯಲ್ಲಿ ಇನ್ನೊಬ್ಬ ತಾಯಿಯ ದೂರು ಬಂತು. ಮರಿದೇವಪ್ಪನವರು ಗಂಜಿಯ ಲೋಟಗಳನ್ನು ಪಕ್ಕಕ್ಕೆ ಸರಿಸಿ, ಗಂಡನನ್ನು ನಿಲ್ಲಿಸಿ, “ಮಗು ಉಂಡಿದೆ, ಸರಿ. ನೆನ್ನೆ ಯಾರು ಉಣಿಸಿದರು? ಮೊನ್ನೆ ಯಾರು?” ಅಂತ ಕೇಳಿದರಂತೆ. ಆ ವರ್ಷ ಹನ್ನೊಂದು ಮಂದಿ ಹೆಂಗಸರು ಚಾವಡಿಯ ಮೆಟ್ಟಿಲು ಹತ್ತಿದರು. ಹನ್ನೊಂದು ಜನರೂ ಗೆದ್ದು ಇಳಿದರು.

ಅಪ್ಪ ಮಾತು ಉಳಿಸಿಕೊಂಡ. ಮೊದಲ ಪಾಲು ತಂದದ್ದು ಒಂದು ಭಾನುವಾರ ಸಂಜೆ. ಚೀಲವನ್ನು ಜಗಲಿಯ ಮೇಲಿಳಿಸಿ ಏದುಸಿರು ಬಿಡುತ್ತಾ ನಿಂತ. ನಾವು ಒಳಗೆ ಕರೆಯಲೂ ಇಲ್ಲ, ಅವನು ಬರಲೂ ಇಲ್ಲ. ಅಮ್ಮ ಚೀಲಕ್ಕೆ ಕೈಹಾಕಿ ಅಕ್ಕಿಯನ್ನು ಬೊಗಸೆಯಲ್ಲೆತ್ತಿ ನೋಡಿ, “ಕಲ್ಲಿದೆ” ಅಂದಳು. “ಮುಂದಿನ ಸಲ ನೋಡಿ ತರ್ತೀನಿ ಹೊನ್ನಿ” ಅಂದು ಅವನು ಕೆರೆಯಾಚೆಯ ಮನೆಗೆ ಇನ್ನೊಂದು ಚೀಲ ಹೊತ್ತು ನಡೆದ.

ಮಾರನೆಯ ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಮನೆಯಲ್ಲಿ ಏನೋ ಹೊಸದು ಅನ್ನಿಸಿತು. ಸದ್ದೇ ಇರಲಿಲ್ಲ. ಅಮ್ಮ ಗೋಡೆಯ ಕಡೆ ಮುಖ ಮಾಡಿ, ಒಂದು ಕೈ ತಲೆಯಡಿ ಇಟ್ಟುಕೊಂಡು ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಹಗಲಿನ ಬೆಳಕಿನಲ್ಲಿ ಅವಳು ನಿದ್ದೆ ಮಾಡುವುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ತಮ್ಮಂದಿರಿಗೂ ತಂಗಿಗೂ ಸನ್ನೆ ಮಾಡಿ ತುದಿಗಾಲಲ್ಲಿ ಹೊರಗೆ ಕಳಿಸಿ, ಕಿಟಕಿಗೆ ಅವಳ ಸೀರೆಯನ್ನೇ ಇಳಿಬಿಟ್ಟೆ. ಅಷ್ಟರಲ್ಲಿ ಗಿರಣಿಯ ಮೇಸ್ತ್ರಿ ಬಾಗಿಲು ತಟ್ಟಿದ.

“ಎಲ್ಲಿ ನಿಮ್ಮಮ್ಮ? ಗಂಟೆ ಎಂಟಾಯ್ತು!”

ನಾನು ಹೊಸ್ತಿಲಲ್ಲಿ ನಿಂತು ಬೆನ್ನ ಹಿಂದೆ ಬಾಗಿಲನ್ನು ಎಳೆದುಕೊಂಡೆ.

“ಮಲಗಿದಾಳೆ” ಅಂದೆ. “ಅವಳಾಗೇ ಏಳೋವರೆಗೂ ಎಬ್ಬಿಸಲ್ಲ.”